ಪುಟ್ಟ ಮೋಟಾರ್‌ಗೆ ಪಿನಿಯನ್ ಕೂರಿಸುವುದು: ಸುತ್ತಿಗೆ ಮುಟ್ಟದೆ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಒಂದೇ ಸಂಜೆ ಮೂರು ಮೋಟಾರ್ ಸತ್ತವು. ಮೂರನ್ನೂ ಕೊಂದದ್ದು ಒಂದೇ ಸುತ್ತಿಗೆ.

ವಿರಾಜಪೇಟೆ ಕಡೆಯ ನಮ್ಮ ಮನೆಗೆ ಶನಿವಾರ ಅಕ್ಕಪಕ್ಕದ ನಾಲ್ಕೈದು ಮಕ್ಕಳು ಬರುತ್ತಾರೆ. ಕಣದಲ್ಲಿ ಹರಡಿದ ಕಾಫಿಯನ್ನು ದಿನಕ್ಕೆ ಹಲವು ಸಲ ಕೆದಕಿ ತಿರುವಬೇಕಲ್ವಾ, ಆ ಕೆಲಸಕ್ಕೆ ಒಂದು ಪುಟ್ಟ ಗಾಡಿ ಮಾಡೋಣ ಅಂತ ಅವರ ಆಸೆ. ಶೂ ಡಬ್ಬದಷ್ಟು ದೊಡ್ಡ ಗಾಡಿ, ಎರಡು ಮೋಟಾರ್, ಹಿಂದೆ ಒಂದು ಪುಟ್ಟ ಬಾಚಣಿಗೆ. ಎಲ್ಲ ಸರಿಯಾಗಿತ್ತು. ಒಂಬತ್ತನೇ ಕ್ಲಾಸಿನ ಹುಡುಗ ಬಂದು "ಅಂಕಲ್, ಪಿನಿಯನ್ ಒಳಗೆ ಹೋಗ್ತಾನೇ ಇಲ್ಲ" ಅಂದ. ಪಿನಿಯನ್ ಅಂದರೆ ಮೋಟಾರಿನ ಶಾಫ್ಟ್ (ತಿರುಗುವ ಕಂಬಿ) ಮೇಲೆ ಬಿಗಿಯಾಗಿ ಕೂರುವ ಪುಟ್ಟ ಹಲ್ಲಿನ ಚಕ್ರ. ನಾನು ಫೋನಿನಲ್ಲಿದ್ದೆ. "ಸ್ವಲ್ಪ ತಟ್ಟು" ಅಂದುಬಿಟ್ಟೆ. ತಪ್ಪು ನನ್ನದೇ.

ಹಿತ್ತಾಳೆಯ ಪಿನಿಯನ್ ಏನೋ ಕೂತಿತು. ಆದರೆ ಕರೆಂಟ್ ಕೊಟ್ಟರೆ ಮೊದಲನೆಯದು ಕಿರ್ ಅಂದಿತು, ಎರಡನೆಯದು ಕೈಯಲ್ಲಿ ತಿರುಗಿಸಿದರೆ ಮಾತ್ರ ಶುರುವಾಯಿತು, ಮೂರನೆಯದು ಅಲ್ಲಾಡಲೇ ಇಲ್ಲ. ಬಿಚ್ಚಿ ನೋಡಿದ ಮೇಲೆ ಆ ಮಕ್ಕಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆದಿದ್ದೇನೆ.

ಏಟು ಎಲ್ಲಿಗೆ ಬೀಳುತ್ತದೆ

ಮೋಟಾರಿನ ಡಬ್ಬ, ಶಾಫ್ಟ್ ಎರಡೂ ಒಂದೇ ಗಟ್ಟಿ ವಸ್ತು ಅಂತ ಕಣ್ಣಿಗೆ ಕಾಣುತ್ತದೆ. ಹಾಗಲ್ಲ. ಶಾಫ್ಟ್ ಮುಂದೊಂದು, ಹಿಂದೊಂದು ಬುಷ್ (ಶಾಫ್ಟ್ ತಿರುಗಲು ಆಧಾರ ಕೊಡುವ ಪುಟ್ಟ ಬಳೆ) ಒಳಗೆ ಸುಮ್ನೆ ಕೂತಿರುತ್ತದೆ. ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಎಳೆದರೆ ಒಂಚೂರು ಆಡುತ್ತದೆ. ಆ ಆಟ ಇರಲೇಬೇಕು. ಶಾಫ್ಟ್ ಮೇಲೆ ಸುರುಳಿ ಸುತ್ತಿದ ಆರ್ಮೇಚರ್ ಇದೆ, ಅದರ ಹಿಂದೆ ಸುರುಳಿಗೆ ಕರೆಂಟ್ ದಾಟಿಸುವ ಕಮ್ಯುಟೇಟರ್. ಕಮ್ಯುಟೇಟರ್ ಮೇಲೆ ತೆಳು ತಗಡಿನ ಎರಡು ಬ್ರಷ್ ಒತ್ತಿಕೊಂಡಿರುತ್ತವೆ. ಎಲ್ಲದರ ಹಿಂದೆ ಪ್ಲಾಸ್ಟಿಕ್ ಮುಚ್ಚಳ.

ಮೋಟಾರನ್ನು ಮೇಜಿನ ಮೇಲೆ ನಿಲ್ಲಿಸಿ ಪಿನಿಯನ್ ಮೇಲೆ ಹೊಡೆದರೆ ಏಟು ಶಾಫ್ಟ್ ಮೂಲಕ ನೇರ ಹಿಂದಕ್ಕೆ ಹೋಗುತ್ತದೆ. ಅದನ್ನು ತಡೆಯುವುದು ಆ ಪ್ಲಾಸ್ಟಿಕ್ ಮುಚ್ಚಳ, ಇಲ್ಲವೇ ಶಾಫ್ಟ್ ಮೇಲಿನ ಪುಟ್ಟ ವಾಷರ್. ವಾಷರ್ ಸರಿಯುತ್ತದೆ, ಮುಚ್ಚಳ ಹೊರಗೆ ಉಬ್ಬುತ್ತದೆ, ಕಮ್ಯುಟೇಟರ್ ಬ್ರಷ್ ಜಾಗದಿಂದ ಹಿಂದೆ ಜಾರುತ್ತದೆ. ನಮ್ಮ ಮೂರನೇ ಮೋಟಾರಿನಲ್ಲಿ ಒಂದು ಬ್ರಷ್ ಮಡಚಿಕೊಂಡು ಕಿತ್ತೇಹೋಗಿತ್ತು.

ಹಾಗಾಗಿ ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಒತ್ತುವ ಬಲ ಪಿನಿಯನ್‌ನಿಂದ ಹೊರಟು ಶಾಫ್ಟಿನ ಹಿಂದಿನ ತುದಿಯಲ್ಲಿ ಹೊರಗೆ ಬರಬೇಕು. ಮಧ್ಯದಲ್ಲಿ ಮೋಟಾರಿನ ಡಬ್ಬಕ್ಕೆ ಅದು ತಗುಲಲೇಬಾರದು. ಅಂದರೆ ಆಧಾರ ಕೊಡಬೇಕಾದದ್ದು ಶಾಫ್ಟಿನ ಬಾಲಕ್ಕೆ, ಮೋಟಾರಿನ ಬೆನ್ನಿಗಲ್ಲ. ಕೆಳಗೆ ಬರುವ ಎಲ್ಲ ಹಂತಗಳೂ ಇದೊಂದನ್ನು ಸಾಧಿಸುವ ದಾರಿಗಳು.

ಹಂತ 1: ಶಾಫ್ಟ್ ಅಳೆಯುವುದು

ಆಟಿಕೆಯಲ್ಲಿ, ಹಳದಿ ಗೇರ್ ಮೋಟಾರಿನ ಒಳಗೆ ಸಿಗುವುದು 130 ಸೈಜಿನ ಮೋಟಾರ್. ಅದರ ಶಾಫ್ಟ್ 2 ಮಿಲಿಮೀಟರ್. 380 ಸೈಜಿನವು ಸಾಮಾನ್ಯವಾಗಿ 2.3. ರೇಸಿಂಗ್ ಕಾರಿನ 540, 550 ಸೈಜಿನವು 3.17, ಅಂದರೆ ಇಂಚಿನ ಎಂಟನೇ ಒಂದು ಭಾಗ. ಎನ್20 ಅನ್ನುವ ಸಣ್ಣ ಗೇರ್ ಮೋಟಾರಿನ ಹೊರಗೆ ಕಾಣುವ ಶಾಫ್ಟ್ 3 ಮಿಲಿಮೀಟರ್ ಇದ್ದರೂ, ಗೇರ್ ಬಿಚ್ಚಿದರೆ ಒಳಗಿನ ಮೋಟಾರ್ ಶಾಫ್ಟ್ ಬರೀ 1 ಮಿಲಿಮೀಟರ್. ಪುಟ್ಟ ಡ್ರೋನ್ ಮೋಟಾರ್‌ಗಳು ಇನ್ನೂ ಸಣ್ಣ, 0.8 ಅಥವಾ 1.

ಇದನ್ನೆಲ್ಲ ನಂಬಿ ಆರ್ಡರ್ ಹಾಕಬೇಡಿ. ಅಳೆಯಿರಿ. ಡಿಜಿಟಲ್ ವರ್ನಿಯರ್ (ಕೊಕ್ಕಿನ ನಡುವೆ ಹಿಡಿದು ದಪ್ಪ ಅಳೆಯುವ ಉಪಕರಣ) 0.01 ಮಿಲಿಮೀಟರ್ ವರೆಗೆ ತೋರಿಸುತ್ತದೆ, ಆದರೆ ಕೊನೆಯ ಅಂಕೆಯನ್ನು ನಂಬುವ ಹಾಗಿಲ್ಲ. ಅಗ್ಗದ ವರ್ನಿಯರ್ 0.02 ಅಥವಾ 0.03 ಆಚೀಚೆ ಹೇಳುವುದು ಮಾಮೂಲು. ಮೂರು ಕಡೆ ಅಳೆದು ನೋಡಿ: ತುದಿ, ಮಧ್ಯ, ಬುಡ. ಮೈಕ್ರೋಮೀಟರ್ ಇದ್ದರೆ ಒಳ್ಳೆಯದು. ಊರಿನ ಲೇತ್ ಅಂಗಡಿಯಲ್ಲಿ ಕೇಳಿದರೆ ಒಂದು ನಿಮಿಷ ಕೊಡುತ್ತಾರೆ.

ತೂತಿನ ಅಳತೆ ಇನ್ನೂ ಕಷ್ಟ. ವರ್ನಿಯರಿನ ಒಳ ಅಳತೆಯ ಕೊಕ್ಕು ತುದಿಯಲ್ಲಿ ಸ್ವಲ್ಪ ಚಪ್ಪಟೆ, ಹಾಗಾಗಿ 2 ಮಿಲಿಮೀಟರ್ ತೂತನ್ನು ಅದು ನಿಜಕ್ಕಿಂತ ಸಣ್ಣದು ಅಂತ ಹೇಳುತ್ತದೆ. ನಾನು ಡ್ರಿಲ್ ಬಿಟ್‌ಗಳ ನಯವಾದ ಹಿಡಿಕೆ ಭಾಗ ಬಳಸುತ್ತೇನೆ. 1.9 ಹೋಗುತ್ತದಾ, 2.0 ಹೋಗುತ್ತದಾ ಅಂತ ನೋಡುವುದು, ಅಷ್ಟೇ. ಆ ಬಿಟ್‌ಗಳನ್ನೂ ಮೊದಲು ಅಳೆದಿಡಿ, ಅವು ಹೇಳಿದ ಸೈಜಿಗಿಂತ ಒಂಚೂರು ಸಣ್ಣದೇ ಇರುತ್ತವೆ.

ಹಂತ 2: ಸರಿಯಾದ ಪಿನಿಯನ್ ಆರಿಸುವುದು

ಎರಡು ವಿಷಯ ಹೊಂದಬೇಕು: ಹಲ್ಲು ಮತ್ತು ತೂತು.

ಹಲ್ಲಿನ ಗಾತ್ರಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಆಟಿಕೆ ಗೇರ್‌ಗಳಲ್ಲಿ ಜಾಸ್ತಿ ಸಿಗುವುದು 0.5 ಮಾಡ್ಯೂಲ್. ಲೆಕ್ಕ ಸುಲಭ. ಹಲ್ಲಿನ ಸಂಖ್ಯೆಗೆ 2 ಸೇರಿಸಿ ಮಾಡ್ಯೂಲ್‌ನಿಂದ ಗುಣಿಸಿದರೆ ಹೊರ ವ್ಯಾಸ. 10 ಹಲ್ಲು ಅಂದರೆ 12 ಗುಣಿಸು 0.5, ಅಂದರೆ 6 ಮಿಲಿಮೀಟರ್. ತೀರಾ ಕಡಿಮೆ ಹಲ್ಲಿನ ಪಿನಿಯನ್ ಇದಕ್ಕಿಂತ ಒಂಚೂರು ದಪ್ಪ ಬಂದರೆ ಗಾಬರಿ ಬೇಡ, ಹಲ್ಲಿನ ಬುಡ ಸೊರಗದಿರಲಿ ಅಂತ ಹಾಗೆ ಮಾಡಿರುತ್ತಾರೆ.

ರೇಸಿಂಗ್ ಕಾರಿನ ಗೇರ್‌ಗಳಿಗೆ ಇಂಚಿನ ಲೆಕ್ಕದ ಪಿಚ್ ಇರುತ್ತದೆ: 32, 48, 64. 25.4 ಅನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. 48 ಪಿಚ್ ಅಂದರೆ ಸುಮಾರು 0.53. ಇಲ್ಲೇ ಮೋಸ ಹೋಗುವುದು. 0.5 ಮತ್ತು 48 ಪಿಚ್ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಕೈಯಲ್ಲಿ ತಿರುಗಿಸಿದರೆ ಓಡುತ್ತವೆ ಕೂಡ. ಲೋಡ್ ಬಿದ್ದ ಮೇಲೆ ಗರಗರ ಶುರು, ಆಮೇಲೆ ಹಲ್ಲು ಸವೆತ. ಬೆರೆಸಲೇಬೇಡಿ.

ತೂತಿನ ವಿಷಯಕ್ಕೆ ಬರೋಣ. ಒತ್ತಿ ಕೂರಿಸುವ ಪಿನಿಯನ್‌ನ ತೂತು ಶಾಫ್ಟಿಗಿಂತ ಸಣ್ಣದಿರಬೇಕು. ಎಷ್ಟು ಸಣ್ಣ ಅನ್ನುವುದೇ ಮುಖ್ಯ. ಪ್ಲಾಸ್ಟಿಕ್ ಹಿಗ್ಗುತ್ತದೆ, ಹಾಗಾಗಿ 2 ಮಿಲಿಮೀಟರ್ ಶಾಫ್ಟಿಗೆ 1.9 ರಿಂದ 1.95 ತೂತು ಸರಿ. ಹಿತ್ತಾಳೆ ಅಷ್ಟು ಹಿಗ್ಗುವುದಿಲ್ಲ. ಅದಕ್ಕೆ 0.01 ಅಥವಾ 0.02 ಸಣ್ಣದಿದ್ದರೆ ಸಾಕು. ಒಂದೇ ಪ್ಯಾಕೆಟ್ಟಿನಲ್ಲಿ ಬರುವ ಬಿಳಿ ಪ್ಲಾಸ್ಟಿಕ್ ಗೇರ್‌ಗಳ ಹೆಸರಿನಲ್ಲೇ ಇದು ಇರುತ್ತದೆ. 82ಎ ಅಂದರೆ 8 ಹಲ್ಲು, 2 ಮಿಲಿಮೀಟರ್ ಶಾಫ್ಟ್, ಬಿಗಿ. ಕೊನೆಗೆ ಬಿ ಅಂತಿದ್ದರೆ ಸಡಿಲ, ಶಾಫ್ಟಿನ ಮೇಲೆ ಸುಮ್ನೆ ಸುತ್ತುತ್ತಿರಬೇಕಾದ ಗೇರ್‌ಗಳಿಗೆ ಅದು. ಮೋಟಾರಿಗೆ ಬೇಕಾದದ್ದು ಎ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಮಾಡುವವರು 130 ಮೋಟಾರಿಗೆ ಪ್ಲಾಸ್ಟಿಕ್ ಪಿನಿಯನ್ನೇ ಹಾಕಿ. ಎದುರಿನ ಗೇರ್ ಪ್ಲಾಸ್ಟಿಕ್ ಆಗಿರುವಾಗ ಹಿತ್ತಾಳೆ ಹಾಕಿ ಗಳಿಸುವುದು ಅಷ್ಟರಲ್ಲೇ ಇದೆ. 540 ಸೈಜಿಗೆ ಹೋದಾಗ ಉಕ್ಕಿನ, ಗ್ರಬ್ ಸ್ಕ್ರೂ (ಬದಿಯಿಂದ ಶಾಫ್ಟನ್ನು ಒತ್ತಿ ಹಿಡಿಯುವ ತಲೆಯಿಲ್ಲದ ಪುಟ್ಟ ಸ್ಕ್ರೂ) ಇರುವ ಪಿನಿಯನ್ ತೆಗೆದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ತರಿಸಿಟ್ಟುಕೊಳ್ಳಿ ಅನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಜುಲೈನಲ್ಲಿ ಘಟ್ಟದಲ್ಲಿ ಮರ ಬಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನ ಪಾರ್ಸೆಲ್ ಯಾವಾಗ ಬರುತ್ತದೋ ಯಾರಿಗೆ ಗೊತ್ತು.

ಹಂತ 3: ಶಾಫ್ಟ್ ತಯಾರಿ

ಮೊದಲು ಒಂದು ಅಳತೆ ಬರೆದಿಟ್ಟುಕೊಳ್ಳಿ. ಮೋಟಾರ್ ಖಾಲಿ ಓಡುವಾಗ ಎಷ್ಟು ಆಂಪ್ ಎಳೆಯುತ್ತದೆ? ಮಲ್ಟಿಮೀಟರನ್ನು ಬ್ಯಾಟರಿ ಮತ್ತು ಮೋಟಾರಿನ ನಡುವೆ ಸರಣಿಯಲ್ಲಿ ಜೋಡಿಸಿ, 10 ಆಂಪ್ ತೂತಿನಲ್ಲಿ ಕೆಂಪು ವೈರ್ ಹಾಕಿ. ನಮ್ಮದೊಂದು ಮೋಟಾರ್ 3 ವೋಲ್ಟ್‌ಗೆ 0.14 ತೋರಿಸಿತು. ಪಿನಿಯನ್ ಕೂತ ಮೇಲೆ ಈ ಅಂಕೆ ಬೇಕಾಗುತ್ತದೆ.

ಈಗ ಶಾಫ್ಟಿನ ತುದಿ ನೋಡಿ. ಕತ್ತರಿಸಿದ ಅಂಚು ಚೂಪಾಗಿದ್ದರೆ ಅದು ಪಿನಿಯನ್‌ನ ತೂತನ್ನು ಕೆರೆದುಕೊಂಡು ಹೋಗುತ್ತದೆ. ಬಿಗಿಯಾಗಿ ಕೂತ ಹಾಗಿದ್ದರೂ ಒಳಗೆ ತೂತು ದೊಡ್ಡದಾಗಿರುತ್ತದೆ. ಅಂಚನ್ನು ಸ್ವಲ್ಪ ಇಳಿಜಾರು ಮಾಡಬೇಕು. ಮೋಟಾರನ್ನೇ ಲೇತ್ ಮಾಡಿಕೊಳ್ಳಿ. ಮೋಟಾರಿನ ಮುಂಭಾಗದ ಎಲ್ಲ ತೂತುಗಳಿಗೆ ಟೇಪ್ ಅಂಟಿಸಿ. ಶಾಫ್ಟ್ ನೆಲ ನೋಡುವಂತೆ ಹಿಡಿದು ಓಡಿಸಿ, ಓರೆಯಾಗಿ ಹಿಡಿದ ನಯವಾದ ಅರವನ್ನು ಅಂಚಿಗೆ ತಾಗಿಸಿ. ಎರಡು ಮೂರು ಸೆಕೆಂಡ್ ಸಾಕು. ನಂತರ 1000 ನಂಬರಿನ ಉಪ್ಪು ಕಾಗದ ಒಂದು ಸಲ. ಟೇಪ್ ಯಾಕೆ ಅಂದರೆ ಒಳಗೆ ಆಯಸ್ಕಾಂತ ಇದೆ. ಒಂದು ಚಿಟಿಕೆ ಕಬ್ಬಿಣದ ಪುಡಿ ಒಳಗೆ ಹೋದರೆ ಹೊರಗೆ ಬರುವುದಿಲ್ಲ.

ಪಿನಿಯನ್ ತೂತಿನ ಬಾಯಿಗೂ ಹಾಗೆಯೇ. ದಪ್ಪ ಡ್ರಿಲ್ ಬಿಟ್ ಒಂದನ್ನು ಬೆರಳಲ್ಲೇ ಅರ್ಧ ಸುತ್ತು ತಿರುಗಿಸಿ. ಮೆಷಿನ್ ಬೇಡ. ಬಿಗಿ ಇದೆ ಅಂತ ತೂತನ್ನೇ ದೊಡ್ಡದು ಮಾಡಲು ಹೋಗಬೇಡಿ. ಕೈ ಡ್ರಿಲ್‌ನಲ್ಲಿ ಮಾಡಿದ ತೂತು ಮಧ್ಯದಲ್ಲಿ ಇರುವುದೇ ಇಲ್ಲ, ಗೇರ್ ಜೋತಾಡುತ್ತದೆ.

ಕೊನೆಗೆ ಎರಡನ್ನೂ ಸ್ಪಿರಿಟ್‌ನಿಂದ ಒರೆಸಿ. ಮೋಟಾರಿನ ಶಾಫ್ಟಿಗೆ ಬುಷ್‌ನ ಎಣ್ಣೆ ಹತ್ತಿರುತ್ತದೆ. ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಬೇಕು, ಶಾಫ್ಟ್ ಮೇಲೆ ಸುರಿದರೆ ಬುಷ್ ಒಳಗಿನ ಎಣ್ಣೆಯೂ ತೊಳೆದುಹೋಗುತ್ತದೆ.

ಹಂತ 4: ಪ್ಲಾಸ್ಟಿಕ್ ಪಿನಿಯನ್, ಬಿಸಿ ನೀರು

ಬಿಸಿ ಮಾಡಿದರೆ ಎಲ್ಲವೂ ಹಿಗ್ಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಎಷ್ಟು ಅಂತ ಲೆಕ್ಕ ಹಾಕಿದವರು ಕಡಿಮೆ. ನಮ್ಮ ಮಕ್ಕಳ ಕೈಯಲ್ಲಿ ಹಾಕಿಸಿದೆ, ಉತ್ತರ ನೋಡಿ ಅವರಿಗೇ ಆಶ್ಚರ್ಯ.

ಹಿತ್ತಾಳೆ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 19 ಭಾಗ ಹಿಗ್ಗುತ್ತದೆ. 2 ಮಿಲಿಮೀಟರ್ ತೂತನ್ನು 150 ಡಿಗ್ರಿ ಜಾಸ್ತಿ ಬಿಸಿ ಮಾಡಿದರೂ ಅದು ಹಿಗ್ಗುವುದು 6 ಮೈಕ್ರಾನ್ ಮಾತ್ರ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಗೇರ್‌ಗೆ ಬಳಸುವ ಬಿಳಿ ಪ್ಲಾಸ್ಟಿಕ್ ಅಸಿಟಾಲ್ ಆದರೆ ಅದು ಹಿಗ್ಗುವುದು ಹತ್ತು ಲಕ್ಷದಲ್ಲಿ ಸುಮಾರು 110 ಭಾಗ. 20 ಡಿಗ್ರಿಯಿಂದ 95 ಡಿಗ್ರಿಗೆ ಹೋದರೆ ಅದೇ ತೂತು 16 ಮೈಕ್ರಾನ್ ಹಿಗ್ಗುತ್ತದೆ, ಜೊತೆಗೆ ಮೆತ್ತಗೂ ಆಗುತ್ತದೆ. ಅಂದರೆ ಒಂದು ಲೋಟ ಬಿಸಿ ನೀರು ಪ್ಲಾಸ್ಟಿಕ್ಕಿಗೆ ಮಾಡುವ ಉಪಕಾರವನ್ನು ಗ್ಯಾಸ್ ಬೆಂಕಿ ಹಿತ್ತಾಳೆಗೆ ಮಾಡುವುದಿಲ್ಲ. ಮೋಟಾರನ್ನು ಫ್ರೀಜರಿನಲ್ಲಿಟ್ಟು ಶಾಫ್ಟ್ ಕುಗ್ಗಿಸುವ ಉಪಾಯವಂತೂ ಬರೀ 1 ಮೈಕ್ರಾನ್ ಕೊಡುತ್ತದೆ. ಹೊರಗೆ ತೆಗೆದ ಕೂಡಲೇ ನಮ್ಮ ತೇವದ ಗಾಳಿಗೆ ಒಳಗೆಲ್ಲ ನೀರಿನ ಹನಿ ಕೂರುತ್ತದೆ. ತುಕ್ಕು ಮಾತ್ರ ಲಾಭ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 96ಕ್ಕೇ ಕುದಿಯುತ್ತದೆ. ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಮಾಡುವ ಕ್ರಮ ಹೀಗೆ. ಮೋಟಾರಿನ ಹಿಂದೆ ಶಾಫ್ಟಿನ ತುದಿ ಕಾಣುತ್ತದಾ ನೋಡಿ. ಕಂಡರೆ, ಆ ತುದಿಗಿಂತ ಸ್ವಲ್ಪ ಸಣ್ಣ ಮೊಳೆ ಒಂದನ್ನು ಕತ್ತರಿಸಿ, ಎರಡೂ ತುದಿ ಸಪಾಟಾಗುವಂತೆ ಅರ ಹಾಕಿ. ಒಂದು ಮರದ ತುಂಡಿಗೆ ಆರಪಾರ ತೂತು ಕೊರೆದು ಮೊಳೆಯನ್ನು ಅದರಲ್ಲಿ ನಿಲ್ಲಿಸಿ. ಮೊಳೆ ಮರಕ್ಕಿಂತ 3 ಮಿಲಿಮೀಟರ್ ಉದ್ದ ಇರಲಿ. ಮರ ಮೊಳೆಯನ್ನು ನೇರ ಹಿಡಿಯಲು ಮಾತ್ರ, ಭಾರ ಹೊರುವುದು ಮೊಳೆಯ ಕೆಳಗಿರುವ ಕಬ್ಬಿಣದ ತಗಡು. ಮೋಟಾರನ್ನು ಮೊಳೆಯ ಮೇಲೆ ಶಾಫ್ಟಿನ ಬಾಲ ಕೂರುವಂತೆ ನಿಲ್ಲಿಸಿ. ಡಬ್ಬ ಗಾಳಿಯಲ್ಲಿ ತೇಲುತ್ತಿರಬೇಕು.

ಪಿನಿಯನ್ ಎಷ್ಟು ಕೆಳಗೆ ಹೋಗಬೇಕು ಅಂತ ಮೊದಲೇ ತೀರ್ಮಾನಿಸಿ. ಮೋಟಾರಿನ ಮುಖಕ್ಕೆ ಅಂಟಿದರೆ ಶಾಫ್ಟಿನ ಆಟ ಸತ್ತುಹೋಗಿ ಪಿನಿಯನ್ ಡಬ್ಬಕ್ಕೆ ಉಜ್ಜುತ್ತದೆ. ಹಳೆಯ ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಅದರಲ್ಲಿ ಶಾಫ್ಟ್ ಹೋಗುವಷ್ಟು ಕಚ್ಚು ಮಾಡಿ ಮೋಟಾರಿನ ಮುಖದ ಮೇಲಿಡಿ. ಪಿನಿಯನ್ ಕಾರ್ಡನ್ನು ಮುಟ್ಟುವ ಹೊತ್ತಿಗೆ ನಿಲ್ಲಿಸಿ. ಮುಟ್ಟಿದ ಮೇಲೂ ಒತ್ತಿದರೆ ಬಲ ಮತ್ತೆ ಡಬ್ಬಕ್ಕೇ ಹೋಗುತ್ತದೆ.

ಪಿನಿಯನ್ನನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಡಿ. ಮೋಟಾರನ್ನಲ್ಲ, ಪಿನಿಯನ್ ಮಾತ್ರ! ಚಿಮಟದಲ್ಲಿ ತೆಗೆದು, ಬಟ್ಟೆಗೆ ತಟ್ಟಿ, ತಕ್ಷಣ ಶಾಫ್ಟಿನ ತುದಿಗೆ ಇಟ್ಟು ಒಂದು ಸಪಾಟು ಮರದ ತುಂಡಿನಿಂದ ನೇರ ಕೆಳಗೆ ಒತ್ತಿ. ಇಷ್ಟು ಸಣ್ಣ ವಸ್ತು ಹತ್ತು ಸೆಕೆಂಡಿನಲ್ಲಿ ತಣ್ಣಗಾಗುತ್ತದೆ, ಹಾಗಾಗಿ ಎಲ್ಲ ಮೊದಲೇ ಜೋಡಿಸಿಟ್ಟುಕೊಂಡಿರಿ. ಅರ್ಧದಲ್ಲಿ ನಿಂತರೆ ಗುದ್ದಾಡಬೇಡಿ, ಹಂತ 5ರಲ್ಲಿ ಹೇಳಿದ ವೈಸ್‌ಗೆ ಹೋಗಿ.

ಹಿಂದಿನ ತುದಿ ಮುಚ್ಚಿರುವ ಮೋಟಾರ್ ಆದರೆ? ಆಗ ಬೆರಳಿನ ಬಲಕ್ಕೆ ಹೋಗುವ ಪ್ಲಾಸ್ಟಿಕ್ ಪಿನಿಯನ್ ಮಾತ್ರ ಒತ್ತಿ. ಲೋಹದ್ದು ಬೇಕಿದ್ದರೆ ಗ್ರಬ್ ಸ್ಕ್ರೂ ಅಥವಾ ಅಂಟಿನ ದಾರಿ ಹಿಡಿಯಿರಿ.

ಹಂತ 5: ಹಿತ್ತಾಳೆ ಪಿನಿಯನ್, ಬೆಂಚ್ ವೈಸ್

ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ರಿಪೇರಿಗೆ ಅಂತ ಬಹಳಷ್ಟು ತೋಟದ ಮನೆಗಳಲ್ಲಿ ಒಂದು ಬೆಂಚ್ ವೈಸ್ ಇದ್ದೇ ಇರುತ್ತದೆ. ಪಿನಿಯನ್ ಒತ್ತಲು ಅದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ. ಎರಡು ದವಡೆಗಳು ಸಮಾನಾಂತರವಾಗಿ ಹತ್ತಿರ ಬರುತ್ತವೆ, ಸ್ಕ್ರೂ ಇರುವುದರಿಂದ ಕೂದಲೆಳೆಯಷ್ಟೂ ಮುಂದೆ ಹೋಗಬಹುದು. ಹಳೆಯ ವೈಸ್‌ನ ದವಡೆ ಆಡುತ್ತಿದ್ದರೆ ಮಾತ್ರ ಬೇಡ, ಅದು ಪಿನಿಯನ್ನನ್ನು ವಾರೆಯಾಗಿ ನೂಕುತ್ತದೆ.

ಮೊಳೆ ಇರುವ ಅದೇ ಮರದ ತುಂಡನ್ನು ಒಂದು ದವಡೆಗೆ ಒರಗಿಸಿ. ಮೊಳೆಯ ಒಂದು ತುದಿ ದವಡೆಗೆ, ಇನ್ನೊಂದು ತುದಿ ಶಾಫ್ಟಿನ ಬಾಲಕ್ಕೆ. ಮುಂದಿನ ಕಡೆ ಪಿನಿಯನ್, ಅದರ ಹಿಂದೆ ಎದುರಿನ ದವಡೆ. ಶಾಫ್ಟ್ ಪಿನಿಯನ್ ದಾಟಿ ಹೊರಗೆ ಬರಬೇಕಿದ್ದರೆ ಮಧ್ಯೆ ಎಂ3 ನಟ್ ಒಂದನ್ನಿಡಿ. 2 ಮಿಲಿಮೀಟರ್ ಶಾಫ್ಟ್ ಅದರ ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ನಟ್‌ನ ಅಂಚು ಪಿನಿಯನ್ನನ್ನು ನೂಕುತ್ತದೆ. ಒಬ್ಬರೇ ಮಾಡಿದರೆ ಕೈ ಸಾಲುವುದಿಲ್ಲ. ಒಬ್ಬರು ಹಿಡಿಯಿರಿ, ಇನ್ನೊಬ್ಬರು ವೈಸ್ ತಿರುಗಿಸಿ.

ಮೊದಲು ಬೆರಳಿನಲ್ಲಿ ಪಿನಿಯನ್ನನ್ನು ಶಾಫ್ಟಿನ ಇಳಿಜಾರು ತುದಿಗೆ ನಿಲ್ಲಿಸಿ. ವೈಸ್ ಮುಟ್ಟುವವರೆಗೆ ತನ್ನಿ. ಈಗ ನಿಲ್ಲಿಸಿ ಮೇಲಿನಿಂದ ಒಮ್ಮೆ, ಬದಿಯಿಂದ ಒಮ್ಮೆ ನೋಡಿ. ನೇರ ಇದೆಯಾ? ಕಾಲು ಸುತ್ತು ತಿರುಗಿಸಿ. ಮತ್ತೆ ನೋಡಿ. ಮೊದಲ ಅರ್ಧ ಮಿಲಿಮೀಟರ್ ನೇರ ಹೋದರೆ ಉಳಿದದ್ದು ತಾನಾಗಿ ನೇರ ಹೋಗುತ್ತದೆ.

ಕೈಗೆ ಸಿಗುವ ಅನುಭವವೇ ಇಲ್ಲಿ ಮೀಟರ್. ಹಿಡಿಕೆ ಒಂದೇ ಸಮ ಬಿಗಿಯಾಗಿ ತಿರುಗಬೇಕು. ಇದ್ದಕ್ಕಿದ್ದಂತೆ ಜಾಸ್ತಿ ಬಿಗಿಯಾದರೆ ಪಿನಿಯನ್ ವಾರೆಯಾಗಿದೆ, ಅಥವಾ ಏನೋ ಡಬ್ಬಕ್ಕೆ ತಾಗಿದೆ. ಇದ್ದಕ್ಕಿದ್ದಂತೆ ಸಡಿಲವಾದರೆ ಪಿನಿಯನ್ ಸೀಳಿದೆ. ಎರಡರಲ್ಲೂ ತಕ್ಷಣ ನಿಲ್ಲಿಸಿ.

ವೈಸ್ ಇಲ್ಲದವರು, ಸ್ಟ್ಯಾಂಡ್ ಮೇಲೆ ನಿಲ್ಲುವ ಡ್ರಿಲ್ ಮೆಷಿನ್ ಇದ್ದರೆ, ಅದರ ಪ್ಲಗ್ ಕಿತ್ತು ಪ್ರೆಸ್ ಮಾಡಿಕೊಳ್ಳಬಹುದು. ಬಿಟ್ ಹಿಡಿಯುವ ಚಕ್‌ನಲ್ಲಿ ತುದಿ ಸಪಾಟು ಮಾಡಿದ ಬೋಲ್ಟ್, ಕೆಳಗೆ ಮೊಳೆಯ ಮರ. ಪ್ಲಗ್ ಕೀಳುವುದನ್ನು ಮಾತ್ರ ಮರೆಯಬೇಡಿ.

ಹಂತ 6: ಗ್ರಬ್ ಸ್ಕ್ರೂ ಇರುವ ಪಿನಿಯನ್

ನಮ್ಮ ಗಾಡಿಯ ಎರಡನೇ ಆವೃತ್ತಿಗೆ 540 ಮೋಟಾರ್ ಹಾಕಿದೆವು, ಕಾಫಿ ಚೆರಿ ಎಳೆಯಲು 130ಕ್ಕೆ ಉಸಿರು ಸಾಲಲಿಲ್ಲ. ಇದರ ಪಿನಿಯನ್ ಒತ್ತುವ ಮಾತೇ ಇಲ್ಲ, ಜಾರಿಸಿ ಸ್ಕ್ರೂ ಬಿಗಿದರಾಯಿತು. ಸುಲಭ ಅನ್ನಿಸುತ್ತದೆ. ಆದರೂ ಅರ್ಧ ದಾರಿಯಲ್ಲಿ ಕಳಚಿ ಬೀಳುವ ಪಿನಿಯನ್‌ಗಳಲ್ಲಿ ಜಾಸ್ತಿ ಇವೇ.

ಕಾರಣ ಮೂರು. ಒಂದು, ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂತಿರುವುದಿಲ್ಲ, ಅಂಚಿನ ಮೇಲೆ ಕೂತಿರುತ್ತದೆ. ಮೊದಲು ಹಗುರವಾಗಿ ಬಿಗಿದು ಪಿನಿಯನ್ನನ್ನು ಅತ್ತಿತ್ತ ಆಡಿಸಿ. ಸ್ಕ್ರೂ ಚಪ್ಪಟೆಯನ್ನು ಹುಡುಕಿಕೊಂಡು ಕೂತದ್ದು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಪೂರ್ತಿ ಬಿಗಿಯಿರಿ. ಶಾಫ್ಟಿನಲ್ಲಿ ಚಪ್ಪಟೆಯೇ ಇಲ್ಲದಿದ್ದರೆ ಟೇಪ್ ಸುತ್ತಿ, ಅರದಿಂದ 0.3 ಮಿಲಿಮೀಟರ್ ಆಳದ ಚಪ್ಪಟೆ ಮಾಡಿ. ಎರಡು, ಆಲನ್ ಕೀ ಸವೆದಿರುತ್ತದೆ. ಎಂ3 ಗ್ರಬ್ ಸ್ಕ್ರೂಗೆ 1.5 ಮಿಲಿಮೀಟರ್ ಕೀ ಬೇಕು, ತುದಿ ದುಂಡಗಾಗಿದ್ದರೆ ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಿ. ಮೂರು, ಅದುರುವಿಕೆ. ಸ್ಕ್ರೂವಿನ ಸುರುಳಿ ಗೆರೆಗೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ, ಲಾಕ್‌ಟೈಟ್ 243 ತರಹದ್ದು. ಕೆಂಪು ಬೇಡ, ಮುಂದೆ ಬಿಚ್ಚಲು ಬೆಂಕಿ ಬೇಕಾಗುತ್ತದೆ. ಈ ದ್ರವ ಕೆಲವು ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ, ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ತಾಗಿಸಬೇಡಿ.

ಸಡಿಲವಾಗಿಬಿಟ್ಟರೆ

ತೂತು 0.02, 0.03 ದೊಡ್ಡದಾಗಿ ಪಿನಿಯನ್ ಸುಮ್ನೆ ಜಾರುತ್ತಿದೆ ಅನ್ನಿ. ಲೋಹಕ್ಕೆ ಲೋಹವಾದರೆ ರಿಟೇನಿಂಗ್ ಕಾಂಪೌಂಡ್ ಅನ್ನುವ ಅಂಟು ಬರುತ್ತದೆ, ಲಾಕ್‌ಟೈಟ್ 638 ಆ ಜಾತಿಯದ್ದು. ಗಾಳಿ ಇಲ್ಲದ, ಲೋಹ ಇರುವ ಜಾಗದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ಪಿನಿಯನ್‌ಗೆ ಪ್ರಯೋಜನ ಇಲ್ಲ. ಪೂರ್ತಿ ಬಲ ಬರಲು 24 ಗಂಟೆ ಬಿಡಿ, ಚಳಿಯಲ್ಲಿ ಇನ್ನೂ ನಿಧಾನ.

ಹನಿಯನ್ನು ಪಿನಿಯನ್ ತೂತಿನೊಳಗೆ ಸೂಜಿಯಿಂದ ಹಚ್ಚಿ, ಶಾಫ್ಟಿಗಲ್ಲ. ಶಾಫ್ಟಿಗೆ ಹಚ್ಚಿದರೆ ಪಿನಿಯನ್ ಅದನ್ನು ಬುಷ್ ಕಡೆಗೆ ಬಳಿದುಕೊಂಡು ಹೋಗುತ್ತದೆ. ಒಣಗುವವರೆಗೆ ಮೋಟಾರನ್ನು ಶಾಫ್ಟ್ ಕೆಳಗೆ ಮಾಡಿ ನೇತುಹಾಕಿ.

ಫೆವಿಕ್ವಿಕ್ ಹಾಕಬಹುದಾ ಅಂತ ಪ್ರತಿ ಸಲ ಒಬ್ಬರು ಕೇಳುತ್ತಾರೆ. ಹಾಕಬಹುದು, ನಾನು ಹಾಕುವುದಿಲ್ಲ. ಆ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಕೊಡಗಿನ ಮಳೆಗಾಲದಲ್ಲಿ ಪಿನಿಯನ್ ಅರ್ಧ ದಾರಿಯಲ್ಲಿರುವಾಗಲೇ ಹಿಡಿದುಬಿಡುತ್ತದೆ. ನೀರಿನ ಹಾಗೆ ತೆಳ್ಳಗಿರುವುದರಿಂದ ಬುಷ್ ಒಳಗೂ ಓಡುತ್ತದೆ. ಶಾಫ್ಟಿನ ಮೈಯನ್ನು ಇಕ್ಕಳದಿಂದ ಕಚ್ಚಿ ಒರಟು ಮಾಡುವುದು, ಕಾಗದ ಸಿಕ್ಕಿಸುವುದು ಇವೂ ಬೇಡ. ಪಿನಿಯನ್ ಒಂದು ಬದಿಗೆ ಸರಿದು ಕೂರುತ್ತದೆ. ಸಡಿಲವಾದ ಪ್ಲಾಸ್ಟಿಕ್ ಪಿನಿಯನ್ ಬಿಸಾಡಿ ಹೊಸದು ಹಾಕುವುದೇ ಅಗ್ಗ.

ಹಂತ 7: ಸರಿಯಾಯಿತಾ ಅಂತ ನೋಡುವುದು

ಶಾಫ್ಟ್ ಹಿಡಿದು ಹಿಂದೆ ಮುಂದೆ ಎಳೆಯಿರಿ. ಮೊದಲಿದ್ದ ಆಟ ಇದೆಯಾ? ಮತ್ತೆ ಆಂಪ್ ನೋಡಿ. 0.14 ಇದ್ದದ್ದು 0.15 ಆದರೆ ಚಿಂತೆಯಿಲ್ಲ. 0.25ಕ್ಕೆ ಏರಿದ್ದರೆ ಶಾಫ್ಟ್ ಬಾಗಿದೆ, ಅಥವಾ ಪಿನಿಯನ್ ಎಲ್ಲೋ ಉಜ್ಜುತ್ತಿದೆ. ಕಡಿಮೆ ವೋಲ್ಟಿನಲ್ಲಿ ನಿಧಾನ ಓಡಿಸಿ, ಹಲ್ಲಿನ ಪಕ್ಕ ಪೆನ್ನಿನ ತುದಿ ಹಿಡಿದು ನೋಡಿದರೆ ಜೋತಾಟ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಸಣ್ಣ ಕೆಲಸ ಮಾಡಿ. ಶಾಫ್ಟಿನ ತುದಿಯಿಂದ ಪಿನಿಯನ್ ಮುಖದವರೆಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಗಾಡಿಯನ್ನು ಹತ್ತು ನಿಮಿಷ ಲೋಡ್ ಹಾಕಿ ಓಡಿಸಿ. ಗೆರೆ ಮುರಿದಿದ್ದರೆ ಪಿನಿಯನ್ ಜಾರುತ್ತಿದೆ.

ಈಗ ಎದುರಿನ ಗೇರ್ ಜೊತೆ ಹೊಂದಿಸಬೇಕು. ಎರಡು ಗೇರ್‌ಗಳ ಮಧ್ಯಬಿಂದುಗಳ ದೂರ ಅಂದರೆ ಎರಡರ ಹಲ್ಲು ಕೂಡಿಸಿ, ಮಾಡ್ಯೂಲ್‌ನಿಂದ ಗುಣಿಸಿ, ಅರ್ಧ ಮಾಡಿ. 10 ಮತ್ತು 50 ಹಲ್ಲು, 0.5 ಮಾಡ್ಯೂಲ್ ಆದರೆ 15 ಮಿಲಿಮೀಟರ್. ತ್ರೀಡಿ ಪ್ರಿಂಟ್ ಚಾಸಿಯಾದರೆ ಮೋಟಾರಿನ ಸ್ಕ್ರೂ ತೂತನ್ನು ದುಂಡಗೆ ಮಾಡದೆ ಉದ್ದ ಸೀಳಿನ ಹಾಗೆ ಮಾಡಿ, ಹೊಂದಿಸಲು ಜಾಗ ಸಿಗುತ್ತದೆ. ನೋಟ್‌ಬುಕ್ಕಿನ ಕಾಗದದ ಪಟ್ಟಿಯನ್ನು ಎರಡು ಗೇರ್‌ಗಳ ನಡುವೆ ಕಚ್ಚಿಸಿ, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಆಮೇಲೆ ಗೇರ್ ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಕಾಗದ ಅಕಾರ್ಡಿಯನ್ ತರಹ ಮಡಚಿರಬೇಕು, ಹರಿದಿರಬಾರದು.

ನಾಲ್ಕು ದಿನ ಚೆನ್ನಾಗಿ ಓಡಿ ಆಮೇಲೆ ಗಾಡಿ ಒಂದು ಕಡೆಗೆ ಎಳೆಯತೊಡಗಿದರೆ, ಮೋಟಾರಿನ ಪ್ರತಿ ಸುತ್ತಿಗೂ ಟಿಕ್ ಅಂತ ಒಂದು ಸದ್ದು ಬಂದರೆ, ಪಿನಿಯನ್‌ನ ಎರಡು ಹಲ್ಲಿನ ಮಧ್ಯದ ಕಣಿವೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕೂದಲಿನಂಥ ಬಿರುಕು ಕಾಣುತ್ತದೆ. ತೂತು ತೀರಾ ಬಿಗಿಯಾಗಿತ್ತು ಅಂತ ಅರ್ಥ. ಬಿರುಕು ತೆರೆದಷ್ಟು ಆ ಎರಡು ಹಲ್ಲಿನ ನಡುವಿನ ದೂರ ಜಾಸ್ತಿ, ಸುತ್ತಿಗೊಮ್ಮೆ ಟಿಕ್ ಅನ್ನುವುದು ಅದಕ್ಕೇ.

ತೆಗೆಯುವುದು

ಬಿರುಕು ಬಿಟ್ಟ ಪ್ಲಾಸ್ಟಿಕ್ ಪಿನಿಯನ್ನನ್ನು ಎಳೆಯುವ ಗೋಜೇ ಬೇಡ. ಬಿರುಕಿನಲ್ಲಿ ಕಟ್ಟರ್ ಹಾಕಿ ಚಿವುಟಿದರೆ ಎರಡು ಹೋಳು.

ಹಿತ್ತಾಳೆಗೆ ಪಿನಿಯನ್ ಪುಲ್ಲರ್ ಅನ್ನುವ ಪುಟ್ಟ ಉಪಕರಣ ಸಿಗುತ್ತದೆ. ಪಿನಿಯನ್ ಕೆಳಗೆ ಒಂದು ಕಚ್ಚು, ಮೇಲಿನಿಂದ ಶಾಫ್ಟನ್ನು ನೂಕುವ ಸ್ಕ್ರೂ. ಇಲ್ಲೂ ಬಲ ಪಿನಿಯನ್ ಮತ್ತು ಶಾಫ್ಟಿನ ನಡುವೆ ಮಾತ್ರ ಓಡುತ್ತದೆ. ಎರಡು ಸ್ಕ್ರೂಡ್ರೈವರ್ ತುರುಕಿ ಮೀಟುವ ಅಭ್ಯಾಸ ಇದೆಯಲ್ಲ, ಅದರಿಂದ ಮೋಟಾರಿನ ಮುಖ ನೆಗ್ಗುತ್ತದೆ, 2 ಮಿಲಿಮೀಟರ್ ಶಾಫ್ಟ್ ಬಾಗುತ್ತದೆ. ಬಾಗಿದ್ದನ್ನು ಮತ್ತೆ ನೇರ ಮಾಡಿದವರನ್ನು ನಾನು ನೋಡಿಲ್ಲ. ಅಂಟು ಹಾಕಿ ಕೂರಿಸಿದ್ದಾದರೆ ಮೊದಲು ಸೋಲ್ಡರಿಂಗ್ ಐರನ್ನಿನ ದಪ್ಪ ತುದಿಯನ್ನು ಪಿನಿಯನ್‌ಗೆ ಒಂದೆರಡು ನಿಮಿಷ ಒತ್ತಿ, ಅಂಟು ಮೆತ್ತಗಾದ ಮೇಲೆ ಪುಲ್ಲರ್ ಹಾಕಿ.

ಉಳಿದ ಮೋಟಾರ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿ, ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಶಾಫ್ಟಿಗೆ ಹೊಲಿಗೆ ಮೆಷಿನ್ ಎಣ್ಣೆ ಒರೆಸಿದ ಬಟ್ಟೆ ಒಂದು ಸಲ ತಾಗಿಸಿ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಒಂದು ವಾರ ಮೇಜಿನ ಮೇಲೆ ಬಿಟ್ಟ ಶಾಫ್ಟ್ ಮೇಲೆ ಕಂದು ಚುಕ್ಕೆ ಬರುತ್ತದೆ. ಅದನ್ನು ಉಜ್ಜಿ ತೆಗೆದರೆ ಶಾಫ್ಟ್ ಅಷ್ಟು ಸಣ್ಣದಾಗುತ್ತದೆ, ಬಿಗಿಯಾಗಬೇಕಾದ ಪಿನಿಯನ್ ಸಡಿಲವಾಗುತ್ತದೆ.

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಮನೆಯ ಕೋವಿ, ಕತ್ತಿಗಳ ಪಕ್ಕ ಮಕ್ಕಳು ನನ್ನ ವರ್ನಿಯರನ್ನೂ ಪುಲ್ಲರನ್ನೂ ಒರೆಸಿ ಇಟ್ಟಿದ್ದರು. ಸುತ್ತಿಗೆ ಎಲ್ಲಿ ಅಂತ ಕೇಳಿದೆ. "ಅದು ಬೇಡ ಅಂಕಲ್" ಅಂದ, ಆ ಒಂಬತ್ತನೇ ಕ್ಲಾಸಿನವನೇ.